ಕಲ್ಲಯ್ಯನಿಗೆ ಬಂದ ಅನುದಾನ

ಗುರುಮಲ್ಲಪ್ಪನವರಿಗೆ ಸಿಟ್ಟು ಬಂದರೆ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಾರೆ. ಅವರ ಕನ್ನಡಕದಷ್ಟು ಶುಭ್ರವಾದ ಕನ್ನಡಕ ನಮ್ಮ ಮೈಸೂರಿನ ಅಗ್ರಹಾರದಲ್ಲಿ ಇನ್ನೊಬ್ಬರ ಮೂಗಿನ ಮೇಲಿಲ್ಲ. ಪುರಾತತ್ವ ಇಲಾಖೆಯವರ ಮೇಲೆ ಸಿಟ್ಟು, ಕೆರೆ ಏರಿಯ ಕಲ್ಲು ಕಿತ್ತು ಮೋರಿಗೆ ಹಾಕುವ ಕಂಟ್ರಾಕ್ಟರುಗಳ ಮೇಲೆ ಸಿಟ್ಟು, ಶಾಸನದ ಮೇಲೆ ಬಿಳಿ ಪೇಂಟು ಬಳಿದು ಫೋಟೋ ತೆಗೆಯುವ ಸಂಶೋಧಕರ ಮೇಲೆ ಇನ್ನೂ ಸಿಟ್ಟು. ಅಷ್ಟು ಸಿಟ್ಟಿನ ಮನುಷ್ಯ ಈಗ ಯಾರನ್ನೂ ಬೈಯುವುದಿಲ್ಲ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ದೊಡ್ಡ ಪಂಡಿತರೇನಲ್ಲ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನಿನ ಮುಂದೆ ನಿಂತು, ಶಿಫ್ಟಿನ ಬಸ್ಸಿನಲ್ಲಿ ತೂಕಡಿಸಿ, ನಿವೃತ್ತರಾದವರು. ನಂಜನಗೂಡಿನ ಕಡೆಯ ಬೇಸಾಯದ ಮನೆತನ. ಊರಲ್ಲಿ ದನ ಕಾಯುವಾಗ ಒರಗಿ ಕೂರುತ್ತಿದ್ದ ಕಲ್ಲು ವೀರಗಲ್ಲು ಅಂತ ಶಾಲೆಯ ಮೇಷ್ಟ್ರು ಹೇಳಿದರಂತೆ, ಅವತ್ತು ಹಿಡಿದ ಹುಚ್ಚು ಇಳಿಯಲೇ ಇಲ್ಲ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿಯೋ, ಹೆಣ್ಣುಮಕ್ಕಳನ್ನು ಕಾಯಲು ಹೋಗಿಯೋ ಪ್ರಾಣ ಬಿಟ್ಟವನ ನೆನಪಿಗೆ ನಿಲ್ಲಿಸಿದ ಕಲ್ಲುಗಳು ಅವು. ರಜೆ ಬಂತೆಂದರೆ ಮೊಪೆಡ್ ಏರಿ ಅಂಥ ಕಲ್ಲು ಹುಡುಕಿಕೊಂಡು ಹೊರಟುಬಿಡುತ್ತಿದ್ದರು. "ಮದ್ವೆಯಾದ ಹೊಸದ್ರಲ್ಲಿ ಸಿನಿಮಾಗೆ ಅಂತ ಕರ್ಕೊಂಡೋಗಿ ಕೆರೆ ಏರಿ ಮೇಲೆ ಕಲ್ಲು ತೋರಿಸಿದ್ರು ಕಣಮ್ಮ, ಅದೂ ತಲೆ ಇಲ್ದಿರೋ ಕಲ್ಲು" ಎಂದು ಅವರ ಹೆಂಡತಿ ಸುಂದರಮ್ಮ ಇವತ್ತಿಗೂ ಹಂಗಿಸುತ್ತಾರೆ.

ನನ್ನದು ಅಗ್ರಹಾರದಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು ಇವೇ ನನ್ನ ಸಾಹಿತ್ಯ. ಗುರುಮಲ್ಲಪ್ಪನವರು ತಮ್ಮ ಟಿಪ್ಪಣಿಗಳನ್ನು ಟೈಪ್ ಮಾಡಿಸಲು ಬರುತ್ತಿದ್ದವರು, ಒಂದು ದಿನ ಸಂಘ ನೋಂದಾಯಿಸುತ್ತೇನೆ ಅಂದರು. ಕಂಪ್ಯೂಟರ್ ಇದ್ದದ್ದು ನನ್ನಲ್ಲಿ, ಹಾಗಾಗಿ ನಾನೇ ಕಾರ್ಯದರ್ಶಿ. ಮೈಸೂರು ಶಿಲಾಲೇಖ ಬಳಗದ ಕಚೇರಿ ಎಂದರೆ ನನ್ನ ಅಂಗಡಿಯ ಮೂಲೆಯಲ್ಲಿರುವ ಒಂದು ಬೀರು. ಉಳಿದ ಸದಸ್ಯರು ವಾರ್ಷಿಕ ಸಭೆಗೆ ತಪ್ಪದೆ ಬರುತ್ತಿದ್ದರು, ಕೇಸರಿಬಾತ್ ಚೆನ್ನಾಗಿರುತ್ತಿತ್ತು.

ಬಳಗ ಹುಟ್ಟಿದ್ದೇ ಒಂದು ಕಲ್ಲಿನ ಸಲುವಾಗಿ. ಹೆಬ್ಬಾಳ ದಾಟಿ, ರಿಂಗ್ ರೋಡ್ ಆಚೆಗೆ ಗೌಜಗನಹುಂಡಿ ಎಂಬ ಊರಿದೆ. ಹೊಲವೆಲ್ಲ ಸೈಟುಗಳಾಗಿ ಊರು ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಊರ ಹೊರಗಿನ ಬಯಲಲ್ಲಿ ಆಳೆತ್ತರದ ವೀರಗಲ್ಲೊಂದಿತ್ತು. ಊರಿನವರ ಪಾಲಿಗೆ ಅದು ಕಲ್ಲಯ್ಯ. ಅಮಾವಾಸ್ಯೆಗೆ ಹರಳೆಣ್ಣೆ ಅಭಿಷೇಕ, ಹಸು ಕರು ಹಾಕಿದರೆ ಮೊದಲ ಗಿಣ್ಣು ಅವನಿಗೆ, ಹೊಸ ಬೈಕು ಕೊಂಡರೆ ಅವನಿಗೊಂದು ಸುತ್ತು. ಅದೆಷ್ಟೋ ತಲೆಮಾರಿನ ಎಣ್ಣೆ, ಮಸಿ, ಕುಂಕುಮ ಮೆತ್ತಿ ಮೆತ್ತಿ ಕಲ್ಲಿನ ಮೇಲೊಂದು ಕರಿಯ ತೊಗಲು ಬೆಳೆದಿತ್ತು. ಕೆತ್ತನೆಯಿರಲಿ, ಅದು ಕಲ್ಲು ಎಂಬುದನ್ನೂ ಮುಟ್ಟಿಯೇ ತಿಳಿಯಬೇಕಿತ್ತು.

ಗುರುಮಲ್ಲಪ್ಪನವರು ಮುಟ್ಟಿದ್ದರು. "ಅಕ್ಷರ ಅವೆ ಕಣಮ್ಮ ಸೌಮ್ಯ. ಬೆರಳಿಗೆ ಸಿಕ್ತವೆ, ಕಣ್ಣಿಗೆ ಸಿಗಲ್ಲ" ಎಂದು ನನ್ನ ಮುಂದೆ ಕೂತು ಬೆರಳು ತೋರಿಸುತ್ತಿದ್ದರು. ಅವರ ಕಣ್ಣೆದುರಿಗೇ ಎಷ್ಟೋ ಕಲ್ಲುಗಳು ಮೋರಿಗೆ, ಕಾಂಪೌಂಡಿಗೆ, ಬಟ್ಟೆ ಒಗೆಯಲು ಹೋಗಿದ್ದವು. ಇದೊಂದಾದರೂ ಉಳಿಯಬೇಕು, ಅದರಲ್ಲಿ ಏನು ಬರೆದಿದೆಯೋ ಓದಿಯೇ ತಾನು ಸಾಯಬೇಕು. ಅವರ ಆಸೆ ಅಷ್ಟೇ. ಸರ್ಕಾರದ ರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಜಾಗವಿರಲಿಲ್ಲ, ಕೊಟ್ಟ ಮನವಿಗಳೆಲ್ಲ ಪರಿಶೀಲನೆಯಲ್ಲಿದ್ದವು. ಪರಿಶೀಲನೆ ಅನ್ನುವುದು ಒಳಗೆ ಹೋದವರು ಹೊರಗೆ ಬಾರದ ಜಾಗ.

ಕಲ್ಲಿನ ಸುತ್ತ ಲೇಔಟ್ ಎದ್ದಾಗಲೂ ಆ ಬಯಲನ್ನು ಯಾರೂ ಮುಟ್ಟಲಿಲ್ಲ. ಮುಟ್ಟಲು ಹೋದ ಯಾವನೋ ಮೇಸ್ತ್ರಿಗೆ ಕೈ ಬಿದ್ದುಹೋಯಿತಂತೆ. ನಿಜವೋ ಸುಳ್ಳೋ, ಆ ಮೇಸ್ತ್ರಿಯ ಕೈ ಇಲಾಖೆಯ ಕೈಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗುರುಮಲ್ಲಪ್ಪನವರಿಗೆ ಮಾತ್ರ ಆ ಭಯದ ಮೇಲೆ ನಂಬಿಕೆಯಿರಲಿಲ್ಲ. "ಮೂಢನಂಬಿಕೆ ಮೇಲೆ ಇತಿಹಾಸ ನಿಲ್ಲಬಾರದು" ಎನ್ನುತ್ತಿದ್ದರು. ಇತಿಹಾಸ ಬೇರೆ ಯಾವುದರ ಮೇಲೆ ನಿಂತಿದೆಯೋ ನನಗಂತೂ ಗೊತ್ತಿಲ್ಲ.

ಆಗ ಬಂದದ್ದು ಸುಪ್ರಭ ಫೌಂಡೇಶನ್. ಕಂಪನಿಗಳು ಲಾಭದಲ್ಲಿ ಇಷ್ಟು ಪಾಲು ಸಮಾಜಕ್ಕೆ ಕೊಡಬೇಕೆಂಬ ಕಾನೂನಿದೆಯಲ್ಲ, ಆ ದುಡ್ಡು ಹಂಚಲೆಂದೇ ಹೆಬ್ಬಾಳದ ಒಂದು ಕಂಪನಿ ಮಾಡಿಕೊಂಡ ಸಂಸ್ಥೆ. ಪರಂಪರೆ ಉಳಿಸುವ ಸಂಘಗಳಿಗೆ ಅನುದಾನ ಅಂತ ಪೇಪರಿನಲ್ಲಿ ಬಂತು. ನಾವು ಅರ್ಜಿ ಹಾಕಿದೆವು. ಕಲ್ಲು ಶುಚಿ ಮಾಡಿಸುವುದು, ಶಾಸನ ಓದಿಸುವುದು, ಸುತ್ತ ಬೇಲಿ, ಒಂದು ಫಲಕ. ಇಷ್ಟು ಬರೆಯುವುದಕ್ಕೆ ಅವರ ಇಂಗ್ಲಿಷಿನಲ್ಲಿ ಒಂದು ಪುಸ್ತಕದಷ್ಟು ಪುಟ ಬೇಕಾಯಿತು. "ಫಲಾನುಭವಿಗಳು ಯಾರು" ಎಂಬ ಪ್ರಶ್ನೆಗೆ ಗುರುಮಲ್ಲಪ್ಪನವರು "ಸತ್ತವನು" ಅಂತ ಬರಿ ಅಂದರು. ನಾನು ಶಾಲಾ ಮಕ್ಕಳು ಅಂತ ಬರೆದೆ.

ಫೌಂಡೇಶನ್ನಿನಿಂದ ನೋಡಿಕೊಂಡು ಹೋಗಲು ಬಂದವಳು ಬಿಂದು. ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳು, ಬಿಸಿಲಲ್ಲಿ ನಮ್ಮ ಜೊತೆ ಕಲ್ಲಿನ ಹತ್ತಿರ ಅರ್ಧ ದಿನ ನಿಂತಳು. ಅಂಗಡಿಗೆ ವಾಪಸು ಬಂದ ಮೇಲೆ ಸಂಕೋಚದಿಂದ ಹೇಳಿದಳು: "ಸಾರ್, ಧಾರ್ಮಿಕ ಸ್ಥಳಗಳಿಗೆ ನಾವು ದುಡ್ಡು ಕೊಡೋ ಹಾಗಿಲ್ಲ. ಫೋಟೋದಲ್ಲಿ ಹೂವು, ಕುಂಕುಮ ಎಲ್ಲ ಕಾಣ್ತಿದೆ. ಕಮಿಟಿಯವರು ಇದನ್ನ ದೇವಸ್ಥಾನ ಅಂದ್ಕೊಂಡು ತೆಗೆದು ಪಕ್ಕಕ್ಕೆ ಇಟ್ಬಿಡ್ತಾರೆ."

"ದೇವಸ್ಥಾನ ಅಲ್ಲಮ್ಮ ಇದು, ವೀರಗಲ್ಲು."

"ನನಗೆ ಗೊತ್ತು ಸಾರ್. ಆದ್ರೆ ಪೂಜೆ ನಡೀತಿದೆಯಲ್ಲ. ಅದು ನಿಂತ್ರೆ ನಮಗೇನೂ ತೊಂದ್ರೆ ಇಲ್ಲ."

ಗುರುಮಲ್ಲಪ್ಪನವರು ಕನ್ನಡಕ ಒರೆಸಲಿಲ್ಲ. ಒರೆಸುತ್ತಾರೆ ಅಂತ ನಾನು ಕಾದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಖುಷಿಯಿತ್ತು. ತಾವು ಜೀವಮಾನವಿಡೀ ಹೇಳಿದ ಮಾತನ್ನೇ ಒಂದು ದೊಡ್ಡ ಸಂಸ್ಥೆ ಷರತ್ತು ಮಾಡಿ ಕೇಳುತ್ತಿದೆ, ಇನ್ನೇನು ಬೇಕು?

ಕಲ್ಲಯ್ಯನ ಪೂಜೆ ಚಿಕ್ಕಬಸವಯ್ಯನ ಮನೆತನದ್ದು. ಜಮೀನು ಲೇಔಟಿಗೆ ಹೋದ ಮೇಲೆ ಆತ ಬಯಲಿನ ಪಕ್ಕದ ಹೊಂಗೆ ಮರದ ಕೆಳಗೆ ಟೀ ಅಂಗಡಿ ಇಟ್ಟುಕೊಂಡಿದ್ದ. ಹೆಂಡತಿ ವಸಂತಮ್ಮ ವಡೆ ಕರಿಯುತ್ತಿದ್ದಳು. ನಾವಿಬ್ಬರೂ ಹೋಗಿ ಕೂತೆವು. ಗುರುಮಲ್ಲಪ್ಪನವರು ಸುತ್ತಿಬಳಸಿ ಮಾತಾಡುವ ಮನುಷ್ಯನಲ್ಲ.

"ಚಿಕ್ಕಬಸವಯ್ಯ, ಇದು ದೇವ್ರಲ್ಲ. ನಮ್ಮ ನಿಮ್ಮಂಗೆ ಒಬ್ಬ ಮನುಷ್ಯ, ಹೋರಾಡಿ ಸತ್ತೋನು. ಅವನ ಹೆಸ್ರು ನಿಮ್ಮ ಎಣ್ಣೆ ಕೆಳಗೆ ಮುಚ್ಚೋಗದೆ. ತೊಳೆದ್ರೆ ಓದ್ಬಹುದು. ಆಮೇಲೆ ಮಾತ್ರ ಎಣ್ಣೆ, ಕುಂಕುಮ ಹಾಕಂಗಿಲ್ಲ."

ಚಿಕ್ಕಬಸವಯ್ಯ ಲೋಟ ತೊಳೆಯುವುದನ್ನು ನಿಲ್ಲಿಸಿದ. "ಅಂದ್ರೆ ಪೂಜೆ ಬ್ಯಾಡ ಅಂತೀರಾ ಸಾರ್?"

"ಕಲ್ಲು ಉಳೀಬೇಕು ಅಂದ್ರೆ ಬೇಡ."

"ಎಣ್ಣೆ ಇಲ್ದೆ ಅಯ್ಯ ಎಂಗಿರ್ತಾನೆ?" ಎಂದು ವಸಂತಮ್ಮ ಬಾಣಲೆಯ ಕಡೆಯಿಂದ ಕೇಳಿದಳು.

ಚಿಕ್ಕಬಸವಯ್ಯ ಜಗಳ ಮಾಡಲಿಲ್ಲ. ಮಾಡಬಹುದಿತ್ತು, ಊರೆಲ್ಲ ಅವನ ಹಿಂದೆ ನಿಲ್ಲುತ್ತಿತ್ತು. ಬಯಲಿನ ಕಡೆ ನೋಡಿ, "ನೀವು ಓದ್ದೋರು, ಕಲ್ಲಿಗೆ ಒಳ್ಳೇದು ಅಂತೀರ. ಆಗ್ಲಿ. ಅಂಗಾರೆ ನಾವು ಅಯ್ಯನ್ನ ಎಬ್ಬಿಸ್ಕೊಂಡು ಬತ್ತೀವಿ. ಒಂದು ಒಳ್ಳೇ ದಿನ ನೋಡ್ತೀನಿ, ಅಲ್ಲೀಗಂಟ ಮುಟ್ಟಬೇಡಿ" ಅಂದ. ದಾರಿಯಲ್ಲಿ ಗುರುಮಲ್ಲಪ್ಪನವರು, "ಎಷ್ಟು ಸುಲಭವಾಗಿ ಒಪ್ಪಿದ ನೋಡಮ್ಮ, ತಿಳಿಸಿ ಹೇಳೋರಿಲ್ಲ ಅಷ್ಟೇ ಇವ್ರಿಗೆ" ಅಂದರು. ದನ ಕಾಯ್ದು ಬೆಳೆದ ಮನುಷ್ಯ, ಹಳ್ಳಿಯಲ್ಲಿ ದೇವರನ್ನು ಎಬ್ಬಿಸುವುದು ಎಂದರೇನೆಂದು ಅವರಿಗೆ ಗೊತ್ತಿರಲೇಬೇಕು. ಆದರೆ ಅನುದಾನ ಬರುವ ದಿನಗಳಲ್ಲಿ ಮನುಷ್ಯನಿಗೆ ಗೊತ್ತಿದ್ದದ್ದೂ ಗೊತ್ತಿಲ್ಲದ ಹಾಗೆ ಆಗಿಬಿಡುತ್ತದೆ.

ಆ ಒಳ್ಳೆಯ ದಿನ ನಾವೆಲ್ಲ ಹೋಗಿದ್ದೆವು, ಬಿಂದುವೂ ಬಂದಿದ್ದಳು. ಊರಿಗೆ ಊರೇ ನೆರೆದಿತ್ತು. ತಮಟೆ ಬಡಿದರು. ಚಿಕ್ಕಬಸವಯ್ಯ ಮಡಿಯುಟ್ಟು, ನೀರು ತುಂಬಿದ ಕಳಸವನ್ನು ಕಲ್ಲಿಗೆ ತಾಗಿಸಿ ಹಿಡಿದು, "ಬಾರಪ್ಪ ನಮ್ಮಯ್ಯ, ಇಲ್ಲಿ ನಿನ್ನ ಋಣ ತೀರ್ತು, ಬಾ" ಎಂದು ಕರೆದ. ಬಹಳ ಹೊತ್ತು ಕರೆದ. ಆಮೇಲೆ ಮೈ ಜುಮ್ಮೆಂದು ನಡುಗಿ ಕಳಸ ತಲೆಯ ಮೇಲೆ ಹೊತ್ತು ನಡೆದ. ಒಬ್ಬರೂ ಹಿಂದಿರುಗಿ ನೋಡಲಿಲ್ಲ. ಹೊಂಗೆ ಮರದ ಬುಡದಲ್ಲಿ, ಕಪಿಲಾ ಹೊಳೆಯಿಂದ ತಂದ ಒಂದು ಗುಂಡುಕಲ್ಲು ನೆಟ್ಟಿದ್ದರು. ಕಳಸದ ನೀರನ್ನು ಅದರ ಮೇಲೆ ಸುರಿದು, ಎಣ್ಣೆ ಹಚ್ಚಿ, ಅನ್ನ ಸಾರು ಪಾಯಸ ಬಡಿಸಿದರು.

ಗುರುಮಲ್ಲಪ್ಪನವರು ಎಲ್ಲವನ್ನೂ ಫೋಟೋ ತೆಗೆದರು. "ಸಮುದಾಯದ ಸಹಭಾಗಿತ್ವಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಸಾರ್!" ಎಂದು ಬಿಂದು ಸಂಭ್ರಮಪಟ್ಟಳು. ವರದಿಯ ಮುಖಪುಟಕ್ಕೆ ಅವಳು ಆರಿಸಿದ್ದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ವಸಂತಮ್ಮನ ಚಿತ್ರ. ಆನಂದಬಾಷ್ಪ ಅಂದುಕೊಂಡಿದ್ದಳು, ಪಾಪ.

ಕಲ್ಲು ತೊಳೆಯಲು ತಜ್ಞರು ಬಂದರು. ಆಸಿಡ್ಡು ಪಾಸಿಡ್ಡು ಏನೂ ಹಾಕಲಿಲ್ಲ, ಮಗುವಿಗೆ ಎಣ್ಣೆಸ್ನಾನ ಮಾಡಿಸಿದಷ್ಟು ನಯವಾಗಿ, ಮೆತ್ತನೆಯ ಬ್ರಷ್ಷಿನಲ್ಲಿ ದಿನಗಟ್ಟಲೆ ತೊಳೆದರು. ಅವರ ಕೆಲಸದಲ್ಲಿ ಹುಳುಕು ಹುಡುಕುವ ಹಾಗಿಲ್ಲ. ಕರಿಯ ತೊಗಲು ಇಳಿದಂತೆ ಕೆಳಗೆ ದನಗಳು ಕಂಡವು, ಕತ್ತಿ ಹಿಡಿದ ಹುಡುಗ ಕಂಡ, ಅವನನ್ನು ಎರಡೂ ಕಡೆಯಿಂದ ಹಿಡಿದೆತ್ತಿಕೊಂಡು ಹೋಗುವ ದೇವಕನ್ನಿಕೆಯರು ಕಂಡರು. ನಡುವಿನ ಪಟ್ಟಿಯಲ್ಲಿ ಅಕ್ಷರಗಳು. ಮಾಚಗಾವುಂಡನ ಮಗ ಬೀರ ಊರ ದನಗಳನ್ನು ಬಿಡಿಸಿ ತಂದು ಸತ್ತ, ಅವನ ತಾಯಿ ಕಾಳವ್ವೆ ಈ ಕಲ್ಲನ್ನು ನಿಲ್ಲಿಸಿದಳು. ಅಷ್ಟೇ ಇದ್ದದ್ದು. ಗುರುಮಲ್ಲಪ್ಪನವರು ಅದನ್ನು ಗಟ್ಟಿಯಾಗಿ ಓದಿ, ಮತ್ತೆ ಓದಿ, ಮಣ್ಣಲ್ಲೇ ಕೂತು ಅತ್ತುಬಿಟ್ಟರು. "ತಾಯಿ ನಿಲ್ಸಿದ್ದು ಕಣಮ್ಮ. ರಾಜ ಅಲ್ಲ, ಸಾಮಂತ ಅಲ್ಲ, ತಾಯಿ." ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ.

ಉದ್ಘಾಟನೆ ಭರ್ಜರಿಯಾಗಿ ಆಯಿತು. ಶಾಮಿಯಾನ, ಮೈಸೂರು ಪೇಟ, ಗಂಧದ ಹಾರ, ಕಂಪನಿಯ ದೊಡ್ಡವರಿಂದ ಉದ್ದುದ್ದ ಭಾಷಣ. ಸುತ್ತ ಕಬ್ಬಿಣದ ಬೇಲಿ, ಅದಕ್ಕೊಂದು ಬೀಗ. ಗ್ರಾನೈಟ್ ಫಲಕದಲ್ಲಿ ಫೌಂಡೇಶನ್ನಿನ ಹೆಸರು ದಪ್ಪಗೆ, ಬೀರನ ಹೆಸರು ಸಣ್ಣಗೆ, ಕಾಳವ್ವೆಯ ಹೆಸರು ಕನ್ನಡಕ ಹಾಕಿಕೊಂಡವರಿಗೆ ಮಾತ್ರ. ಕೊನೆಗೆ ಗುರುಮಲ್ಲಪ್ಪನವರೇ ಬರೆದುಕೊಟ್ಟ ಸಾಲು: ಇದು ದೇವರಲ್ಲ, ವೀರಗಲ್ಲು. ಪೂಜೆ ಮಾಡುವುದನ್ನು ನಿಷೇಧಿಸಿದೆ. ಚಿಕ್ಕಬಸವಯ್ಯನಿಗೂ ಒಂದು ಶಾಲು ಹೊದಿಸಿದರು. ಆತ ಹೊದ್ದುಕೊಂಡು, ಕೈಮುಗಿದು, ಟೀ ಅಂಗಡಿಗೆ ಹೋದ.

ಅದಾದ ಮೇಲೆ ಅಲ್ಲಿಗೆ ಯಾರೂ ಬರಲಿಲ್ಲ. ನಾನು ಅರ್ಜಿಯಲ್ಲಿ ಬರೆದಿದ್ದ ಶಾಲಾ ಮಕ್ಕಳು ಒಂದು ಸಲ ಬಂದು, ಚಿತ್ರಾನ್ನ ತಿಂದು ಹೋದರು. ಊರಿನ ಹೆಂಗಸರು ಆ ದಾರಿಯಲ್ಲಿ ಹೋಗುವಾಗ ಮೊದಲಾದರೆ ಚಪ್ಪಲಿ ಬಿಟ್ಟು ಕೆನ್ನೆ ಬಡಿದುಕೊಳ್ಳುತ್ತಿದ್ದರು, ಈಗ ಫೋನಿನಲ್ಲಿ ಮಾತಾಡುತ್ತಾ ನಡೆದುಬಿಡುತ್ತಿದ್ದರು. ಬೇಲಿಯೊಳಗೆ ಬಿಯರ್ ಬಾಟಲಿ ಬಿದ್ದವು. ಯಾರೋ ಕಲ್ಲಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರು. ಗುರುಮಲ್ಲಪ್ಪನವರು ಭಾನುವಾರ ಭಾನುವಾರ ಹೋಗಿ ಗುಡಿಸಿ ಬರುತ್ತಿದ್ದರು. ಒಬ್ಬ ಕಾವಲುಗಾರನನ್ನಾದರೂ ಇಡೋಣ ಎಂದು ಫೌಂಡೇಶನ್ನಿಗೆ ಬರೆದೆವು. ಯೋಜನೆ ಮುಗಿದಿದೆ, ಮುಂದಿನ ನಿರ್ವಹಣೆ ನಿಮ್ಮ ಸಂಸ್ಥೆಯದು ಎಂದು ಸೊಗಸಾದ ಉತ್ತರ ಬಂತು. ಬಿಂದು ಅಷ್ಟೊತ್ತಿಗೆ ಕೆಲಸ ಬಿಟ್ಟು ಹೋಗಿದ್ದಳು.

ಒಂದು ಭಾನುವಾರ ಅವರ ಮೊಪೆಡ್ ರಿಪೇರಿಗೆ ಹೋಗಿತ್ತು, ನನ್ನ ಸ್ಕೂಟರಿನಲ್ಲಿ ಹೋದೆವು. ದೂರದಿಂದಲೇ ಜನ ಕಂಡರು. ಗಂಟೆಯ ಸದ್ದು, ಕರ್ಪೂರದ ಹೊಗೆ. ಗುರುಮಲ್ಲಪ್ಪನವರು ಹಿಂದಿನಿಂದ ನನ್ನ ಭುಜ ತಟ್ಟಿ, "ಮತ್ತೆ ಪೂಜೆ ಶುರು ಹಚ್ಕೊಂಡ್ರಾ ಇವ್ರು?" ಎಂದು ನಕ್ಕರು. ಬೈಯುವ ನಗು ಅಲ್ಲ ಅದು. ಅಷ್ಟು ದಿನ ಆ ಕಲ್ಲನ್ನು ಒಂಟಿಯಾಗಿ ನೋಡಿ ನೋಡಿ ಅವರಿಗೂ ಸಾಕಾಗಿತ್ತು ಅಂತ ಕಾಣುತ್ತದೆ.

ಹತ್ತಿರ ಹೋದರೆ ಪೂಜೆ ನಡೆಯುತ್ತಿದ್ದದ್ದು ಹೊಂಗೆ ಮರದ ಬುಡದಲ್ಲಿ. ಲೇಔಟಿನವರು ಹೊಸ ರಸ್ತೆ ಮಾಡುತ್ತಿದ್ದರು, ಕೆಲಸ ಸುಸೂತ್ರವಾಗಲಿ ಎಂದು ಕಂಟ್ರಾಕ್ಟರ್ ವಿಜಯ್‌ಕುಮಾರ್ ಗುಂಡುಕಲ್ಲಿಗೆ ತೆಂಗಿನಕಾಯಿ ಒಡೆಸುತ್ತಿದ್ದ. ಅದರಾಚೆಗೆ ಬಯಲು ಪೂರ್ತಿ ಬಯಲಾಗಿತ್ತು. ಬೇಲಿಯನ್ನು ಕಿತ್ತು ಒಂದು ಕಡೆ ಒಟ್ಟಿದ್ದರು. ಜೆಸಿಬಿ ಹಿಂದೆ ಮುಂದೆ ಹೋಗಿ ವೀರಗಲ್ಲಿನ ಚೂರುಗಳನ್ನು ರಸ್ತೆಯ ತಳಕ್ಕೆ ಹರಡಿ, ಅದರ ಮೇಲೆ ಜಲ್ಲಿ ಸುರಿದಾಗಿತ್ತು.

ಗುರುಮಲ್ಲಪ್ಪನವರು ಕೂಗುತ್ತಾ ಜಲ್ಲಿಯ ಮೇಲೆ ಓಡಿದರು. ಬಗ್ಗಿ ಎರಡೂ ಕೈಯಲ್ಲಿ ಬಾಚತೊಡಗಿದರು. ಎಷ್ಟು ಬಾಚಿದರೂ ಜಲ್ಲಿಯೇ. ಜೆಸಿಬಿಯ ಡ್ರೈವರ್ ಇಳಿದು ಬಂದು ಅವರನ್ನು ಮೆಲ್ಲಗೆ ಎಬ್ಬಿಸಿದ. "ನಾನು ಮೊದ್ಲು ಮುಟ್ಟಲ್ಲ ಅಂದೆ ಸಾರ್. ಆಮೇಲೆ ಬೋರ್ಡ್ ಓದ್ದೆ" ಅಂದ.

ಅವರು ಅವನನ್ನು ಬಿಟ್ಟು ಚಿಕ್ಕಬಸವಯ್ಯನ ಕಡೆ ತಿರುಗಿದರು. ಅವರ ಧ್ವನಿ ಹಾಗೆ ಒಡೆದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಇಲ್ಲೇ ಇದ್ಯಲ್ಲೋ! ನಿನ್ನ ಕಣ್ಣೆದುರಿಗೇ ಕಲ್ಲಯ್ಯನ್ನ ಒಡೆದಾಕ್ತಿದ್ರೆ ನೋಡ್ಕೊಂಡು ನಿಂತಿದ್ಯಾ? ಊರೋರೆಲ್ಲ ಸೇರಿ ಅಡ್ಡ ಕೂತಿದ್ರೆ ಆಗ್ತಿರ್ಲಿಲ್ವಾ?"

ಚಿಕ್ಕಬಸವಯ್ಯನಿಗೆ ನಿಜವಾಗಿ ಆಶ್ಚರ್ಯವಾಯಿತು. ವ್ಯಂಗ್ಯ ಮಾಡುವ ಮನುಷ್ಯನಲ್ಲ ಆತ, ಮಾಡಿದ್ದರೆ ನಾನು ಇಷ್ಟು ಕುದಿಯುತ್ತಿರಲಿಲ್ಲ. "ಕಲ್ಲಯ್ಯ ಇಲ್ಲೇ ಅವ್ನಲ್ಲ ಸಾರ್" ಎಂದು ಎಣ್ಣೆಯಲ್ಲಿ ಮಿರುಗುತ್ತಿದ್ದ ಗುಂಡುಕಲ್ಲು ತೋರಿಸಿದ. "ಅಲ್ಲಿಂದ ಎಬ್ಬಿಸ್ಕೊಂಡು ಬಂದ್ಬುಟ್ವಲ್ಲ, ನೀವೇ ಫೋಟೋ ತೆಗೆದ್ರಿ. ಅಲ್ಲಿದ್ದಿದ್ದು ಬರೀ ಕಲ್ಲು. ನಿಮ್ಮ ಸಂಘದೋರ್ದು, ನೀವು ಲೇಔಟ್ನೋರ್ತಾವ ಮಾತಾಡಿರ್ತೀರೇನೋ ಅಂದ್ಕೊಂಡ್ವಿ." ಗುಂಡುಕಲ್ಲಿಗೆ ಕೈಮುಗಿದು ಹೇಳಿದ: "ಒಂದು ಮಾತು ಹೇಳಿದ್ರೆ ಅಯ್ಯನ್ನ ಅಲ್ಲೇ ಬುಡ್ತಿದ್ವಿ ಸಾರ್. ಅವ್ನಿದ್ದಿದ್ರೆ ಯಾವನು ಮುಟ್ತಿದ್ದ?"

ವಸಂತಮ್ಮ ಗುರುಮಲ್ಲಪ್ಪನವರ ಕೈಯ ಜಲ್ಲಿಯ ಧೂಳು ನೋಡಿ ಒಂದು ಚೊಂಬು ನೀರು ತಂದುಕೊಟ್ಟಳು.

ಅಷ್ಟರಲ್ಲಿ ವಿಜಯ್‌ಕುಮಾರ್ ಬಂದ. ಒಡೆದ ಕಾಯಿಯ ಹೋಳು, ಬಾಳೆಹಣ್ಣು ತಟ್ಟೆಯಲ್ಲಿತ್ತು. ಇವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಊರಿನ ಹಿರಿಯರು, ಜಾಗದ ಬಗ್ಗೆ ತಕರಾರಿದೆ ಅಂದುಕೊಂಡ ಅಂತ ಕಾಣುತ್ತದೆ. ಬಹಳ ಮರ್ಯಾದೆಯಿಂದಲೇ ಸಮಾಧಾನ ಹೇಳಿದ.

"ನೀವೇನೂ ಯೋಚ್ನೆ ಮಾಡ್ಬೇಡಿ ಯಜಮಾನ್ರೇ. ರಸ್ತೆ ನೇರವಾಗಿ ಈ ಹೊಂಗೆ ಮರದ ಮೇಲೇ ಬರೋದಿತ್ತು. ದೇವ್ರ ವಿಷಯ, ನಮಗ್ಯಾಕೆ ಅಂತ ನಕ್ಷೇನೇ ಬದಲಾಯಿಸಿದೀವಿ. ಆ ಖಾಲಿ ಜಾಗದ ಮೇಲೆ ತಿರುಗಿಸಿಕೊಂಡು ಹೋಗ್ತೀವಿ. ನಿಮ್ಮ ದೇವ್ರಿಗೆ ಏನೂ ಆಗಲ್ಲ." ಹಾಗೆಂದು ಒಂದು ಹೋಳು ಕಾಯಿ ಅವರ ಕೈಯಲ್ಲಿಟ್ಟು, ಜೆಸಿಬಿಗೆ ಸನ್ನೆ ಮಾಡಿದ.